ಭಾವ ಕೇಳಿದ್ದರು

ನಾನು ಸುಳ್ಳು ಹೇಳಿದೆ. ಎರಡು ವರ್ಷಗಳ ಹಿಂದೆ, ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ, ನನ್ನ ಸ್ವಂತ ಅಕ್ಕ ಕೇಳಿದ ಒಂದೇ ಒಂದು ಪ್ರಶ್ನೆಗೆ. ಅದಕ್ಕೂ ಕೆಲವು ಗಂಟೆ ಮೊದಲು ಇನ್ನೊಂದು ತಪ್ಪು ಮಾಡಿದ್ದೆ — ಮಾತಾಡಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಸುಮ್ಮನೆ ಕೂತದ್ದರಿಂದ ಒಂದು ಮಗು ಮೊದಲಿನಂತೆ ಉಳಿಯಲಿಲ್ಲ. ಸುಳ್ಳಿನಿಂದ ಆ ಮಗುವಿನ ಅಪ್ಪ ಮೊದಲಿನಂತೆ ಉಳಿಯಲಿಲ್ಲ. ಇದನ್ನು ಇಷ್ಟು ನೇರವಾಗಿ ಬರೆಯುವುದು ನನಗೆ — ಇರಲಿ. ನನಗೆ ಎಷ್ಟು ಕಷ್ಟವಾಯಿತು ಎಂಬುದು ಇಲ್ಲಿ ಯಾರಿಗೂ ಬೇಕಾದ ವಿಷಯವಲ್ಲ.

ಅಕ್ಕನ ಹೆಸರು ಸುಧಾ. ಅವಳ ಗಂಡ ಮೋಹನ ಭಾವ. ಮಗಳು ಅನಘಾ, ನಮಗೆಲ್ಲ ಅನು. ಆಗ ಅವಳಿಗೆ ಆರು ವರ್ಷ. ಅವರ ಮನೆ ಅಮೆರಿಕದ ಸಮಾಮಿಶ್‌ನಲ್ಲಿ. ನಾನು ಅಲ್ಲಿಗೆ ಹತ್ತಿರದ ಕೆಂಟ್‌ನಲ್ಲಿ ಒಬ್ಬನೇ ಇದ್ದೇನೆ. ವಿಮಾನದ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಕೈತಪ್ಪಿ ಒಂದು ಭಾಗದ ಮೇಲೆ ಗೀರು ಬಿದ್ದರೂ ನಾನೇ ಬರೆದು ಸಹಿ ಮಾಡಬೇಕು. ಒಂಬತ್ತು ವರ್ಷಗಳಿಂದ ಹಾಗೆ ಬರೆಯುತ್ತಿದ್ದೇನೆ. ಒಮ್ಮೆಯೂ ತಪ್ಪಿಸಿಲ್ಲ.

ನಾವು ಗದಗಿನವರು, ಭಾವ ಮೈಸೂರಿನವರು. ಅನುಗೆ ಶೇಂಗಾ ಆಗಿಬರುವುದಿಲ್ಲ ಎಂದು ಅವಳಿಗೆ ಒಂದೂವರೆ ವರ್ಷವಾಗಿದ್ದಾಗ ಗೊತ್ತಾಯಿತು. ಆಗಿಬರುವುದಿಲ್ಲ ಎಂದರೆ ಮೈ ಕೆರೆಯುವುದಲ್ಲ. ಗಂಟಲು ಊದಿ ಉಸಿರು ಕಟ್ಟುವುದು. ಗದಗಿನ ಹೆಣ್ಣುಮಗಳು ಶೇಂಗಾ ಇಲ್ಲದೆ ಅಡುಗೆ ಮಾಡುವುದು ಹೇಗೆ? ಅಕ್ಕ ಕಲಿತಳು. ಶೇಂಗಾ ಹೋಳಿಗೆ ಹೋಯಿತು, ಉಂಡಿ ಹೋಯಿತು, ಬದನೆಕಾಯಿ ಎಣಗಾಯಿಗೆ ಎಳ್ಳು ಮಾತ್ರ ಬಿತ್ತು. ನಾನು ಅವರ ಮನೆಗೆ ಹೋದರೆ ಬಾಗಿಲಲ್ಲೇ ವಿಚಾರಣೆ.

“ಏನ್ ತಿಂದು ಬಂದೀ?” ಎನ್ನುತ್ತಿದ್ದಳು ಅಕ್ಕ. “ಮೊದಲ ಕೈ ತೊಳಕೋ. ಸಾಬಾಣ ಹಚ್ಚಿ. ಆಮ್ಯಾಲೆ ಆಕೀನ್ನ ಮುಟ್ಟು.”

ಭಾವ ಸೋಫಾದಲ್ಲಿ ಕೂತಲ್ಲಿಂದಲೇ, “ನಿಮ್ ಕಡೆಯವ್ರಿಗೆ ಕಡ್ಲೆಕಾಯಿ ಇಲ್ದೆ ಜೀವನ ನಡ್ಯಲ್ಲ ಕಣೋ ಗಿರೀಶ. ನಿನ್ನ ಬೆವರಲ್ಲೂ ಇರುತ್ತೆ, ಸ್ನಾನ ಮಾಡ್ಕೊಂಡೇ ಬಾ,” ಎಂದು ನಗುತ್ತಿದ್ದರು.

ನಗುತ್ತಿದ್ದರು, ಆದರೆ ಅವರಷ್ಟು ಎಚ್ಚರದ ಮನುಷ್ಯನನ್ನು ನಾನು ನೋಡಿಲ್ಲ. ಹೊರಗೆ ಎಲ್ಲಿ ಊಟಕ್ಕೆ ಹೋದರೂ ಎರಡು ಪ್ರಶ್ನೆ ಕೇಳುವುದು ಅವರ ನಿಯಮ. ಬಡಿಸುವವರನ್ನಲ್ಲ, ಶೆಫ್‌ನನ್ನೇ. ಮೊದಲನೆಯದು ಮಾಂಸ, ಮೊಟ್ಟೆ ಇದೆಯೇ ಎಂದು. ನಮ್ಮಂಥವರೆಲ್ಲ ಕೇಳುವುದು ಅಷ್ಟೇ. ಎರಡನೆಯದು ಶೇಂಗಾ ಇದೆಯೇ, ಎಣ್ಣೆ ಯಾವುದು, ಡಬ್ಬಿ ತೋರಿಸುತ್ತೀರಾ ಎಂದು. “ಫಸ್ಟ್ ಕ್ವೆಶ್ಚನ್ ನಿಮ್ಮಕ್ಕನ ದೇವ್ರಿಗೆ, ಸೆಕೆಂಡ್ ಕ್ವೆಶ್ಚನ್ ನನ್ ಮಗಳಿಗೆ,” ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅವರ ಮದುವೆಗೆ ಹತ್ತು ವರ್ಷ ತುಂಬಿತು. ಒಂದು ದಿನ ಎಲ್ಲಾದರೂ ಹೋಗಿ ಇದ್ದು ಬರೋಣ ಎಂದು ಭಾವ ಒಂದು ಕ್ಯಾಸಿನೊ ರೆಸಾರ್ಟಿನಲ್ಲಿ ಕೋಣೆ ಹಿಡಿದು, ನನ್ನನ್ನೂ ಕರೆದರು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗುತ್ತವೆ — ಮಕ್ಕಳಿಗೆ ಬೆಚ್ಚಗಿನ ನೀರಿನ ಈಜುಕೊಳವಿದೆ, ದೊಡ್ಡ ಬಫೆ ಇದೆ, ಅಷ್ಟೇ ಕಾರಣ. ಜೂಜಿನ ಕಡೆ ತಲೆ ಹಾಕದೆಯೂ ಬರಬಹುದು. ಆದರೂ ಗದಗಿಗೆ ಫೋನ್ ಮಾಡಿದಾಗ ಅಕ್ಕ ಅವ್ವನಿಗೆ “ರೆಸಾರ್ಟಿಗೆ ಹೊಂಟೀವಿ” ಎಂದಷ್ಟೇ ಹೇಳಿದಳು. ಕ್ಯಾಸಿನೊ ಎಂಬ ಶಬ್ದವನ್ನು ನುಂಗಿದಳು. ಸ್ಪೀಕರಿನಲ್ಲಿ ಕೇಳುತ್ತಿದ್ದ ಭಾವನೂ ನಾನೂ ನಕ್ಕೆವು. ಆ ಒಂದು ಶಬ್ದ ಮುಂದೆ ಏನು ಮಾಡಬಲ್ಲದೆಂದು ಆಗ —

ನಾಲ್ಕು ಗಂಟೆಗೆ ತಲುಪಿದೆವು. ಅನು ನೀರಿನಿಂದ ಹೊರಗೆ ಬರಲೇ ಒಪ್ಪಲಿಲ್ಲ. “ಮಾಮಾ, ವಾಚ್ ಮಿ! ಮಾಮಾ, ಯು ಆರ್ ನಾಟ್ ವಾಚಿಂಗ್!” ಎಂದು ನೂರು ಸಲ ಮುಳುಗಿ ಎದ್ದಳು. ಕನ್ನಡದಲ್ಲಿ ಏನು ಹೇಳಿದರೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಸ್ವಲ್ಪ ಉಬ್ಬಸವೂ ಇತ್ತು. ಕ್ಲೋರಿನ್ ನೀರಿಗೆ ಇಳಿದ ದಿನ ಕೆಮ್ಮುವುದು ಹೊಸದಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು. ಏಕೆಂದರೆ ಮುಂದೆ ನಡೆದದ್ದೆಲ್ಲ ಆ ಕೆಮ್ಮಿನ ಹೆಸರಿನಲ್ಲೇ ನಡೆಯಿತು.

ಏಳು ಗಂಟೆಗೆ ಬಫೆಗೆ ಹೋದೆವು. ಹೊರಗೆ ಇನ್ನೂ ಬಿಸಿಲು. ಅಕ್ಕ ಅನುವನ್ನು ಕೂರಿಸಿಕೊಂಡು ಮೇಜು ಹಿಡಿದಳು. ಭಾವ ನೇರವಾಗಿ ಊಟದ ಸಾಲಿನ ಕೊನೆಗೆ ಹೋಗಿ, ಬಿಳಿ ಟೊಪ್ಪಿಗೆಯ ಶೆಫ್‌ನನ್ನು ಕರೆಸಿದರು. ನಾನು ತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಎರಡೂ ಪ್ರಶ್ನೆ ಕೇಳಿದರು. ಶೆಫ್ ಒಳಗೆ ಹೋಗಿ ಎಣ್ಣೆಯ ದೊಡ್ಡ ಡಬ್ಬವನ್ನೇ ಹೊತ್ತು ತಂದ. ಹಳದಿ ಲೇಬಲ್. ಬೆರಳಿಟ್ಟು ಓದಿ ತೋರಿಸಿದ. ಯಾವ ತಿನಿಸಿನಲ್ಲಿ ಬಾದಾಮಿ ಇದೆ, ಅದನ್ನು ಎಲ್ಲಿ ಬೇರೆ ಇಟ್ಟಿದ್ದಾರೆ ಎಂದೂ ಹೇಳಿದ. ಶೇಂಗಾ ಇಡೀ ಅಡುಗೆಮನೆಯಲ್ಲಿ ಇಲ್ಲ ಎಂದ. ಭಾವ ಅವನ ಕೈ ಕುಲುಕಿ ನನ್ನ ಕಡೆ ತಿರುಗಿದರು.

“ಕೇಳಿಸ್ಕೊಂಡ್ಯಲ್ಲ? ನೀನೇ ಸಾಕ್ಷಿ. ನಿಮ್ಮಕ್ಕ ಕ್ರಾಸ್ ಎಕ್ಸಾಮಿನ್ ಮಾಡ್ತಾಳೆ.”

“ಕೇಳಿಸ್ಕೊಂಡೆ ಭಾವ,” ಎಂದೆ.

ನನ್ನ ಜಾಕೆಟ್ಟಿನ ಕಿಸೆಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು. ಅದರಲ್ಲಿ ಅವ್ವ ಮಾಡಿ ಕಳಿಸಿದ ಶೇಂಗಾ ಚಟ್ನಿಪುಡಿ. ಹೊರಗಿನ ಊಟ ನನಗೆ ಸಪ್ಪೆ. ಎಲ್ಲಿ ಹೋದರೂ ಅದನ್ನು ಇಟ್ಟುಕೊಂಡು ಹೋಗುವ ಚಟ. ಅಕ್ಕನ ಮನೆಗೆ ಹೋಗುವಾಗ ಮಾತ್ರ ಕಾರಿನಲ್ಲೇ ಬಿಡುತ್ತಿದ್ದೆ. ಅಂದು ಬಿಡಲಿಲ್ಲ. ಅದು ಅಕ್ಕನ ಮನೆಯಲ್ಲವಲ್ಲ ಎಂದು — ಇಲ್ಲ, ಯೋಚನೆಯನ್ನೇ ಮಾಡಲಿಲ್ಲ. ಅಷ್ಟೇ ನಿಜ.

ಅನ್ನ ಹಾಕಿಕೊಂಡು, ಬೆಣ್ಣೆ ಹಾಕಿಕೊಂಡು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಮೇಜಿನ ಅಂಚಿನ ಕೆಳಗಿನಿಂದ ಎರಡು ಚಿಟಿಕೆ ಉದುರಿಸಿಕೊಂಡೆ. ಕೈಯಿಂದಲೇ ಕಲಸಿ ತಿಂದೆ. ಅಕ್ಕ ನೋಡಲಿಲ್ಲ. ಅನು ಪಾಸ್ತಾ ಬೇಡ, ಆಲೂಗಡ್ಡೆ ಬೇಡ ಎಂದು ಹಟ ಹಿಡಿದಿದ್ದಳು. ಅಕ್ಕ ಒಂದು ಬಟ್ಟಲಿನಲ್ಲಿ ಅನ್ನ, ಮೊಸರು, ಉಪ್ಪು ಹಾಕಿ ನನ್ನ ಮುಂದೆ ತಳ್ಳಿದಳು.

“ನೀನ ತಿನಸೋ ಗಿರೀ. ನಿನ್ನ ಕೈಲಿ ಆದ್ರ ತಿಂತಾಳ ನಿಮ್ಮ ಮಹಾರಾಣಿ.”

ಅದೂ ನಿಜ. ಅವಳಿಗೆ ಮೊದಲ ಅನ್ನ ತಿನ್ನಿಸಿದವನು ಸೋದರಮಾವನಾದ ನಾನೇ. ಆಮೇಲೂ ಹಟ ಮಾಡಿದಾಗಲೆಲ್ಲ ನನ್ನ ಕೈತುತ್ತಿಗೇ ಬಾಯಿ ತೆರೆಯುತ್ತಿದ್ದಳು. ಎದ್ದು ಕೈ ತೊಳೆದು ಬರಬೇಕು ಎಂದು ಒಂದು ಕ್ಷಣ ಅನ್ನಿಸಿತು. ಎದ್ದರೆ ಅಕ್ಕ ಯಾಕೆ ಎನ್ನುತ್ತಾಳೆ. ಪುಡಿಯ ವಿಷಯ ಹೊರಬಿದ್ದರೆ ಇಡೀ ಸಂಜೆ ಬೈಗುಳ. ಕಾಗದದ ಕರವಸ್ತ್ರದಲ್ಲಿ ಬೆರಳು ಚೆನ್ನಾಗಿ ಒರೆಸಿಕೊಂಡೆ. ಎರಡು ಸಲ ಒರೆಸಿಕೊಂಡೆ. ಎರಡು ಸಲ ಎಂಬುದನ್ನು ಈ ಎರಡು ವರ್ಷವೂ ನನಗೆ ನಾನೇ ಹೇಳಿಕೊಂಡಿದ್ದೇನೆ, ಏನೋ ಉಪಯೋಗವಿದೆ ಎಂಬಂತೆ.

ನಾಲ್ಕು ತುತ್ತು ತಿಂದಳು. “ಸ್ಮಾಲರ್ ಒನ್, ಮಾಮಾ,” ಎಂದಳು ಮೂರನೆಯದಕ್ಕೆ. ನಾಲ್ಕನೆಯದಾದ ಮೇಲೆ ಅಂಗೈಯಿಂದ ತುಟಿ ಉಜ್ಜಿಕೊಂಡು, “ಇಟ್ಸ್ ಸ್ಪೈಸಿ,” ಎಂದಳು.

ಭಾವ ಆಗ ಬಾತ್‌ರೂಮಿಗೆ ಹೋಗಿ ಬಂದು ಕೂರುತ್ತಿದ್ದರು. “ಮೊಸರನ್ನ ಸ್ಪೈಸಿಯಂತೆ! ನೋಡೇ ಸುಧಾ, ಪಕ್ಕಾ ಅಮೆರಿಕದ ನಾಲಿಗೆ,” ಎಂದು ನಕ್ಕರು. ಅಕ್ಕನೂ ನಕ್ಕಳು.

ನಾನು ನಗಲಿಲ್ಲ. ನನ್ನ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಕೆಂಪಗೆ ಖಾರ ಇನ್ನೂ ಇತ್ತು.

ಇಲ್ಲಿಂದ ಮುಂದೆ ಆರೇಳು ನಿಮಿಷ ಇರಬಹುದು. ಅವನ್ನು ನಾನು ದಿನಾ ನೋಡುತ್ತೇನೆ. ಕಾರ್ಖಾನೆಯಲ್ಲಿ, ರಸ್ತೆಯಲ್ಲಿ, ಹಲ್ಲುಜ್ಜುವಾಗ. ಪ್ರತಿ ಸಲವೂ ನಾನು ಆ ಮೇಜಿನ ಮುಂದೆ ಕೂತಿರುತ್ತೇನೆ, ಪ್ರತಿ ಸಲವೂ ಬಾಯಿ ತೆರೆಯುವುದಿಲ್ಲ.

ಅನು ಕೆಮ್ಮಿದಳು. ಮತ್ತೆ ಕೆಮ್ಮಿದಳು. “ಪೂಲಿನ ನೀರು,” ಎಂದಳು ಅಕ್ಕ, ಚೀಲದಿಂದ ಉಬ್ಬಸದ ಇನ್ಹೇಲರ್ ತೆಗೆಯುತ್ತ. ಅದೇ ಚೀಲದಲ್ಲಿ ಕೆಂಪು ಪೌಚಿನೊಳಗೆ ಅಲರ್ಜಿಯ ಇಂಜೆಕ್ಷನ್ ಪೆನ್ನೂ ಇತ್ತು. ಅದು ದೂರದಲ್ಲಿರಲಿಲ್ಲ, ಕುರ್ಚಿಯ ಮೇಲೆ, ಕೈಗೆ ಸಿಗುವಲ್ಲೇ ಇತ್ತು. ಯಾರೂ ಓಡಬೇಕಾಗಿರಲಿಲ್ಲ. ಒಂದು ಶಬ್ದ ಬೇಕಾಗಿತ್ತು.

“ಶೇಂಗಾ ಏನೂ ಇಲ್ಲಲ್ಲಾ? ಕೇಳೀರಿ ಹೌದಿಲ್ಲೋ?” ಎಂದು ಅಕ್ಕ ಭಾವನನ್ನು ಕೇಳಿದಳು.

“ಕೇಳ್ದೆ ಕಣೇ. ಶೆಫ್‌ನೇ ಕೇಳ್ದೆ. ಎಲ್ಲೂ ಇಲ್ವಂತೆ.”

ಅಕ್ಕ ಇನ್ಹೇಲರ್ ಒತ್ತಿದಳು. ಒಂದು ಸಲ. ಎರಡು ಸಲ. ಈಗ ನಿಲ್ಲುತ್ತದೆ ಎಂದುಕೊಂಡೆ. ಇನ್ಹೇಲರಿಗೇ ನಿಂತುಬಿಡಲಿ, ಆಗ ನಾನು ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಅನು ಅಲ್ಲ. ಅಕ್ಕನ ಮುಖ. ‘ನನ್ನ ಮಗಳ ಬಾಯಿಗೆ ನೀನು ಶೇಂಗಾ ಹಾಕಿದೆ’ ಎಂದು ನೋಡುವ ಮುಖ. ಅದನ್ನು ತಪ್ಪಿಸಿಕೊಳ್ಳಲು ಒಂದು ನಿಮಿಷ ಕಾದೆ. ಆಮೇಲೆ ಇನ್ನೊಂದು ನಿಮಿಷ. ತಡವಾದಷ್ಟೂ ಹೇಳುವುದು ಕಷ್ಟವಾಯಿತು, ಏಕೆಂದರೆ ಈಗ ಪುಡಿಯ ಜೊತೆಗೆ ತಡ ಮಾಡಿದ್ದನ್ನೂ ಹೇಳಬೇಕಲ್ಲ.

ಅನುವಿನ ತುಟಿ ದಪ್ಪವಾಗುತ್ತಿತ್ತು. “ಪೆನ್ ಹಾಕೋಣ ಸುಧಾ,” ಎಂದರು ಭಾವ.

“ತಡೀರಿ. ಶೇಂಗಾ ಇಲ್ಲಂತ ನೀವ ಅಂದ್ರಿ. ಹ್ವಾದ ಸಲ ಹಿಂಗ ಗಾಬರಿಯಾಗಿ ಹಾಕಿ, ಪಾಪ ಎಷ್ಟು ಅತ್ತಿತ್ತು ಕೂಸು... ಇನ್ನೊಮ್ಮೆ ಇನ್ಹೇಲರ್ ಕೊಡ್ತೀನಿ.” ಎಂದವಳು ನನ್ನ ಕಡೆ ನೋಡಿದಳು. “ಏನ್ ಮಾಡೂಣು ಗಿರೀ?”

ನನ್ನನ್ನೇ ಕೇಳಿದಳು. ಇದನ್ನು ಬರೆಯದೆ ಬಿಡಬಹುದಿತ್ತು, ಅಕ್ಕನಿಗೂ ನೆನಪಿರಲಾರದು. ನಾನು, “ನೋಡಕ್ಕಾ, ನಿನಗ ಹೆಂಗ ಅನಸ್ತೈತಿ ಹಂಗ,” ಎಂದೆ.

ಅನು ಕುರ್ಚಿಯಿಂದ ಪಕ್ಕಕ್ಕೆ ಜಾರಿದಳು. ಭಾವ ಯಾರನ್ನೂ ಕೇಳಲಿಲ್ಲ. ಪೌಚ್ ಹರಿದು, ಪೆನ್ ತೆಗೆದು, ಅವಳ ತೊಡೆಗೆ ಒತ್ತಿ ಹಿಡಿದರು. ನೆಲದ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಪಕ್ಕದ ಮೇಜಿನ ಹೆಂಗಸೊಬ್ಬಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಅವರು ಬರುವವರೆಗೂ ಭಾವ ನಿಲ್ಲಿಸಲಿಲ್ಲ. ಅನು ಇಂದು ಬದುಕಿದ್ದರೆ ಅದು ಅವರಿಂದ. ನನ್ನಿಂದಲ್ಲ, ಅಕ್ಕನಿಂದಲೂ ಅಲ್ಲ.

ಏನು ತಿಂದಳು ಎಂದು ಆಂಬುಲೆನ್ಸಿನವರು ಕೇಳಿದರು. ಮೊಸರನ್ನ ಎಂದಳು ಅಕ್ಕ. ನಾನು ಅಲ್ಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಉಬ್ಬಸವಲ್ಲ, ಅಲರ್ಜಿಯೇ ಎಂದರು. ಇಂಜೆಕ್ಷನ್ ಕೆಲವು ನಿಮಿಷ ಮೊದಲೇ ಬಿದ್ದಿದ್ದರೆ — ಎಂದು ಶುರುಮಾಡಿ, ನಮ್ಮ ಮುಖಗಳನ್ನು ನೋಡಿ ನಿಲ್ಲಿಸಿದರು. ಮಿದುಳಿಗೆ ಎಷ್ಟು ಹೊತ್ತು ಆಮ್ಲಜನಕ ಸಿಕ್ಕಿಲ್ಲ ಎಂಬುದು ಗೊತ್ತಾಗಲು ಕಾಯಬೇಕು ಎಂದರು. ಅವರು ಒಳಗೆ ಹೋದ ಮೇಲೆ ಅಕ್ಕ ಗೋಡೆಗೆ ಒರಗಿ ನಿಂತಳು. ಭಾವನ ಕಡೆ ತಿರುಗಿದಳು.

“ನೀವು ಖರೇನ ಕೇಳಿದ್ರೇನು?”

“ಕೇಳ್ದೆ ಸುಧಾ.”

“ಯಾರನ್ನ? ಬಡಸಾವ್ರನ್ನೋ, ಶೆಫ್‌ನ್ನೋ?”

“ಶೆಫ್‌ನೇ ಕಣೇ. ಎಣ್ಣೆ ಡಬ್ಬ ತಂದು ತೋರಿಸ್ದ. ಗಿರೀಶ ಇದ್ನಲ್ಲ ನನ್ನ ಹಿಂದೆ.”

ಇಬ್ಬರೂ ನನ್ನ ಕಡೆ ನೋಡಿದರು. ಭಾವನ ಕಣ್ಣಲ್ಲಿ ಸಂಶಯವೇ ಇರಲಿಲ್ಲ. ಕೇಳಿದ್ದಾರೆ, ನಾನು ನೋಡಿದ್ದೇನೆ, ಹೇಳುತ್ತೇನೆ — ಅಷ್ಟು ಸರಳವಾಗಿ ಕಾಯುತ್ತ ನಿಂತಿದ್ದರು. ನಾನು ಹೌದೆಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಅಡುಗೆಯಲ್ಲಿ ಇರಲಿಲ್ಲ ಎಂದಾದರೆ ಮತ್ತೆ ಎಲ್ಲಿಂದ ಬಂತು? ಆ ಪ್ರಶ್ನೆ ಬಂದರೆ ಅದು ನನ್ನ ಬೆರಳಿಗೇ ಬರುತ್ತದೆ.

“ನಾ ನೋಡ್ಲಿಲ್ಲಕ್ಕಾ,” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ನಾ ನೋಡಿದಾಗ ಭಾವ ಆ ಜೂಜಿನ ಮಷೀನ್ ಹತ್ತರ ನಿಂತಿದ್ರು.”

ಅದು ಪೂರ್ತಿ ಸುಳ್ಳಲ್ಲ, ಅದೇ ಅದರ ವಿಷ. ಬಾತ್‌ರೂಮಿನಿಂದ ಬರುವಾಗ ಅವರು ಜೂಜಿನ ಹಾಲಿನ ಅಂಚಿನಲ್ಲಿ ಎರಡು ನಿಮಿಷ ನಿಂತಿದ್ದರು. ಒಬ್ಬಳು ಮುದುಕಿ ಮಷೀನಿನಲ್ಲಿ ಗೆದ್ದು ಕೂಗುತ್ತಿದ್ದಳು. ಅದನ್ನು ನೋಡಿ ನಗುತ್ತ ನಿಂತಿದ್ದರು. ಒಳಗೆ ಕಾಲಿಡಲಿಲ್ಲ. ಅದು ಶೆಫ್‌ನನ್ನು ಕೇಳಿ ಬಹಳ ಹೊತ್ತಾದ ಮೇಲೆ. ಇದೆಲ್ಲ ನನಗೆ ಗೊತ್ತಿತ್ತು.

ಭಾವ, “ಗಿರೀಶ?” ಎಂದರು. ಅಷ್ಟೇ.

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಡಬ್ಬಿಯ ಪುಡಿಯನ್ನೆಲ್ಲ ಕಮೋಡಿಗೆ ಸುರಿದು ನೀರು ಬಿಟ್ಟೆ. ಬೆಳ್ಳುಳ್ಳಿಯ ವಾಸನೆ ಹೋಗಲಿಲ್ಲ. ಮೂರು ಸಲ ಫ್ಲಶ್ ಮಾಡಿದೆ. ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದೆ. ಆಮೇಲೆ ಸಾಬೂನು ಹಚ್ಚಿ, ಉಗುರಿನ ಸಂದೆಲ್ಲ ಉಜ್ಜಿ, ಕೈ ತೊಳೆದುಕೊಂಡೆ. ಅಂದು ಸಂಜೆ ಮೊದಲ ಸಲ.

ಅನು ಮೂರು ತಿಂಗಳ ಮೇಲೆ ಮನೆಗೆ ಬಂದಳು. ಈಗ ಎಂಟು ವರ್ಷ. ಮಾತಿಲ್ಲ. ನುಂಗಲು ಬರುವುದಿಲ್ಲ, ಹೊಟ್ಟೆಗೆ ಹಾಕಿದ ನಳಿಕೆಯಿಂದ ಆಹಾರ ಕೊಡಬೇಕು. ನನ್ನ ದನಿ ಕೇಳಿದರೆ ಕೆಲವೊಮ್ಮೆ ಕಣ್ಣು ಆ ಕಡೆ ಹೊರಳುತ್ತದೆ. ಅದು ಗುರುತಲ್ಲ, ಬರೀ ಸದ್ದಿಗೆ ಹಾಗಾಗುತ್ತದೆ ಎಂದು ಥೆರಪಿಯವರು ಹೇಳಿದ್ದಾರೆ. ಅಕ್ಕ ಒಪ್ಪಿಲ್ಲ.

ತಮ್ಮ ಯಾವ ಅಡುಗೆಯಲ್ಲೂ ಶೇಂಗಾ ಇರಲಿಲ್ಲ ಎಂದು ರೆಸಾರ್ಟಿನವರು ಪತ್ರ ಬರೆದರು. ದಿನಕ್ಕೆ ಎಷ್ಟೋ ಜನ ಬಂದು ವಿಚಾರಿಸುತ್ತಾರೆ, ಅಂದು ಯಾರು ಕೇಳಿದರು ಎಂದು ಶೆಫ್‌ಗೆ ನೆನಪಿಲ್ಲ ಎಂದೂ ಬರೆದಿದ್ದರು. ಅವರು ಹೇಳಿದ್ದು ಸತ್ಯ. ಆದರೆ ಅಕ್ಕ ಓದಿದ್ದು ಬೇರೆ: ನೆನಪಿಲ್ಲ ಎಂದರೆ ಯಾರೂ ಕೇಳಿಯೇ ಇಲ್ಲ. ಎಲ್ಲೋ ಏನೋ ಬೆರೆತಿದೆ. ಸರಿಯಾಗಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಸುದ್ದಿ ಗದಗಿಗೂ ಮೈಸೂರಿಗೂ ಹೋಗಿತ್ತು. ಕ್ಯಾಸಿನೊ ಎಂದ ಮೇಲೆ ನಮ್ಮವರು ಇನ್ನೇನನ್ನೂ ಕೇಳುವುದಿಲ್ಲ. “ಕೂಸಿನ್ನ ಕೂಡಿಸಿ ಜೂಜ ಆಡಾಕ ಹೋಗಿದ್ನಂತ,” ಎಂದು ಅವ್ವ ಫೋನಿನಲ್ಲಿ ಅತ್ತಳು. ನಾನು ಹೂಂ ಎನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಭಾವನ ಸ್ವಂತ ಅಣ್ಣ ಮೈಸೂರಿನಿಂದ ಕರೆ ಮಾಡಿ, ಎಷ್ಟು ದಿನದಿಂದ ಈ ಚಟ ಎಂದು ಕೇಳಿದನಂತೆ.

ಭಾವ ಮೊದಮೊದಲು ವಾದಿಸಿದರು. ನನ್ನ ಜೊತೆ ಒಮ್ಮೆಯೂ ವಾದಿಸಲಿಲ್ಲ. ನಾನು ನೋಡಿಲ್ಲ ಎಂದರೆ ನೋಡಿಲ್ಲ ಎಂದೇ ನಂಬಿದರು. ಅಕ್ಕ ಒತ್ತಾಯ ಮಾಡಿದಾಗ ಜೂಜಿನ ಚಟ ಬಿಡಿಸುವ ಒಂದು ಕೂಟಕ್ಕೂ ಹೋಗತೊಡಗಿದರು. ಇಸ್ಪೀಟಿನ ಎಲೆ ಮುಟ್ಟದ ಮನುಷ್ಯ ಪ್ರತಿ ಮಂಗಳವಾರ ಹೋಗಿ, ಅಪರಿಚಿತರ ನಡುವೆ ಕುರ್ಚಿಯಲ್ಲಿ ಕೂತು ಬಂದರು. ಆರು ತಿಂಗಳು. ಆಮೇಲೆ ಒಂದು ದಿನ ಅಕ್ಕನಿಗೆ ಅವರೇ ಹೇಳಿದರಂತೆ: “ನಾನು ಕೇಳಿರಲಿಲ್ಲ ಅನ್ಸುತ್ತೆ ಸುಧಾ. ಬೇರೆ ಯಾವ್ದೋ ಹೋಟೆಲಲ್ಲಿ ಕೇಳಿದ್ದು ಸೇರಿಕೊಂಡಿರ್ಬೇಕು ತಲೇಲಿ.” ಅಕ್ಕ ಇದನ್ನು ನನಗೆ ಹೇಳಿ, “ಕಡೀಗೂ ಒಪ್ಪಿದ್ರು ನೋಡು,” ಎಂದಳು. ನಾನು ಅವಳ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತಿದ್ದೆ. ಹೌದಾ ಎಂದೆ.

ಕಳೆದ ವರ್ಷ ಅವರು ಬೇರೆಯಾದರು. ಭಾವ ಕ್ಯಾನ್ಯನ್ ಪಾರ್ಕಿನ ತಮ್ಮ ಆಫೀಸಿನ ಹತ್ತಿರ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದಾರೆ. ಭಾನುವಾರ ಎರಡು ಗಂಟೆ ಅನುವಿನ ಹತ್ತಿರ ಬಂದು ಕೂತು ಹೋಗುತ್ತಾರೆ. ಆ ಎರಡು ಗಂಟೆ ಅಕ್ಕ ಮಹಡಿಯ ಮೇಲೆ ಇರುತ್ತಾಳೆ.

ಹೋದ ಭಾನುವಾರ ಸಂಜೆ ನಾನು ಅವರ ಅಪಾರ್ಟ್‌ಮೆಂಟಿಗೆ ಹೋದೆ. ಕಾಫಿ ಕೊಟ್ಟರು. ನಾನು ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದೆ. ಡಬ್ಬಿ, ಬೆರಳು, ‘ಸ್ಪೈಸಿ’ ಎಂದದ್ದು, ಆ ನಿಮಿಷಗಳು, ಕಾರಿಡಾರ್. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದು ಬಯಸಿದ್ದೆ ಕೂಡ. ಅದೂ ನನಗಾಗಿಯೇ.

“ಹಾಗಾದ್ರೆ... ನಾನು ಕೇಳಿದ್ನಾ?” ಎಂದರು.

“ಕೇಳಿದ್ರಿ ಭಾವ.”

“ಶೆಫ್‌ನೇ?”

“ಹೂಂ. ಎಣ್ಣಿ ಡಬ್ಬ ಹೊತ್ತ್‌ಕೊಂಡು ಬಂದು ಓದಿ ತೋರಿಸಿದ.”

“ಹಳದಿ ಲೇಬಲ್ಲು,” ಎಂದರು ಮೆಲ್ಲಗೆ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಮಗಳಿಗೆ ಏನು ತಿನ್ನಿಸಿದೆ ಎಂದು ಕೇಳಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. ಮೊದಲು ಕೇಳಿದ್ದು ತಮ್ಮ ನೆನಪಿನ ಬಗ್ಗೆ. ಅವರಿಂದ ನಾನು ಕಿತ್ತುಕೊಂಡದ್ದು ಹೆಂಡತಿಯನ್ನು, ಮನೆಯನ್ನು ಎಂದು ಇಷ್ಟು ದಿನ ತಿಳಿದಿದ್ದೆ. ತಮ್ಮ ಕಣ್ಣಾರೆ ಕಂಡದ್ದನ್ನು ತಾವೇ ನಂಬುವ ಶಕ್ತಿಯನ್ನೂ ಕಿತ್ತುಕೊಂಡಿದ್ದೆ.

ಆಮೇಲೆ ಮುಖ ಒರೆಸಿಕೊಂಡು, “ಸುಧಾಗೆ ಹೇಳ್ಬೇಡ,” ಎಂದರು.

“ಹೇಳಬೇಕು ಭಾವ.”

“ಹೇಳ್ಬೇಡ ಅಂದೆ. ಪೆನ್ ತಡ ಮಾಡಿದ್ದು ಅವಳು. ನಂಗೆ ಅವ್ಳನ್ನ ಬೈಬೇಕು ಅನ್ಸಿದ್ರೆ ಅದಕ್ಕೇ ಬೈಬಹುದಿತ್ತು, ಬೈಲಿಲ್ಲ. ಈಗ ನಾನು ಕೇಳಿದ್ದೆ, ನೀನು ಸುಮ್ನಿದ್ದೆ ಅಂತ ಗೊತ್ತಾದ್ರೆ ಅವ್ಳು ಆ ಆರು ನಿಮಿಷನೇ ಲೆಕ್ಕ ಹಾಕ್ತಾ ಕೂತ್ಕೋತಾಳೆ. ನನ್ನ ಬೈಕೊಂಡಾದ್ರೂ ಎದ್ದು ಓಡಾಡ್ತಿದಾಳೆ. ಇರ್ಲಿ ಬಿಡು. ನಂಗೆ ರೂಢಿಯಾಗಿದೆ.” ನಾನು ಮುಟ್ಟದ ಲೋಟವನ್ನು ಎತ್ತಿಕೊಳ್ಳುತ್ತ, “ಅಲ್ಲಿ ನೀನೂ ಇಲ್ಲ ಅಂದ್ರೆ ಮಗೂನ ಎತ್ತಕ್ಕೆ ಯಾರಿದಾರೆ ಅವ್ಳಿಗೆ?” ಎಂದರು.

ಬಾಗಿಲವರೆಗೆ ಬಂದರು. ನಾನು ಚಪ್ಪಲಿ ಮೆಟ್ಟುವಾಗ, “ಇನ್ನು ಇಲ್ಲಿಗೆ ಬರ್ಬೇಡ ಗಿರೀಶ,” ಎಂದರು. ಜೋರಾಗಿ ಹೇಳಲಿಲ್ಲ. “ನಿನ್ನ ಮುಖ ನೋಡಕ್ಕಾಗಲ್ಲ ನಂಗೆ.”

ಅವರು ಹೇಳಿದ್ದು ತಪ್ಪಲ್ಲ. ಅಕ್ಕ ಆ ನಿಮಿಷಗಳನ್ನು ಲೆಕ್ಕ ಹಾಕುತ್ತಾಳೆ. ನನ್ನ ಹಾಗೆ ಅವಳೂ ದಿನಾ ಆ ಮೇಜಿನ ಮುಂದೆ ಹೋಗಿ ಕೂರುತ್ತಾಳೆ. ಭಾವನನ್ನು ಮತ್ತೆ ಮನೆಗೆ ಕರೆಯುತ್ತಾಳೆ ಎಂಬ ಆಸೆಯೂ ನನಗಿಲ್ಲ. ಎರಡು ವರ್ಷ ಅವರನ್ನು ಹಾಗೆ ನೋಡಿದವಳು ಅವರ ಮುಖಕ್ಕೆ ಮುಖ ಕೊಟ್ಟು ಹೇಗೆ ನಿಲ್ಲುತ್ತಾಳೆ? ಅನು ಸರಿಹೋಗುವುದಿಲ್ಲ. ಸತ್ಯ ಹೇಳಿದರೆ ಯಾವುದೂ ಸರಿಹೋಗುವುದಿಲ್ಲ. ಇಷ್ಟು ಗೊತ್ತಿದ್ದೂ, ಹೇಳಬೇಡ ಎಂಬ ಅವರ ಮಾತಿನೊಳಗೆ ನಾನು ಅಡಗಿ ಕೂರಲಾರೆ. ಬೆಚ್ಚಗಿನ ಜಾಗ ಅದು. ಅಲ್ಲಿ ಕೂತರೆ ಒಳ್ಳೆಯ ತಮ್ಮನಾಗಿಯೇ ಉಳಿಯುತ್ತೇನೆ, ಅವರು ಜೂಜುಕೋರರಾಗಿಯೇ ಸಾಯುತ್ತಾರೆ.

ಇದು ಅಚ್ಚಾಗುವ ಹೊತ್ತಿಗೆ ಅಕ್ಕನಿಗೆ ಗೊತ್ತಾಗಿರುತ್ತದೆ. ಪ್ರತಿ ಶನಿವಾರ ಬೆಳಿಗ್ಗೆ ಅನುಗೆ ಸ್ನಾನ ಮಾಡಿಸಲು ನಾನು ಸಮಾಮಿಶ್‌ಗೆ ಹೋಗುತ್ತೇನೆ. ಉದ್ದ ಆಗಿದ್ದಾಳೆ, ಗಾಲಿಕುರ್ಚಿಯಿಂದ ಸ್ನಾನದ ಕುರ್ಚಿಗೆ, ಅಲ್ಲಿಂದ ಹಾಸಿಗೆಗೆ ಎತ್ತಲು ಇಬ್ಬರು ಬೇಕು. ಅಕ್ಕ ತೋಳಿನ ಕೆಳಗೆ ಹಿಡಿಯುತ್ತಾಳೆ, ನಾನು ಮೊಣಕಾಲಿನ ಕೆಳಗೆ. ಈ ಶನಿವಾರವೂ ಹಾಗೆಯೇ ಹೋಗುತ್ತೇನೆ. ಸ್ನಾನ ಮುಗಿಸಿ, ಮೈ ಒರೆಸಿ, ಬಟ್ಟೆ ಹಾಕಿ, ಹಾಸಿಗೆಯ ಮೇಲೆ ಮಲಗಿಸಿದ ಮೇಲೆ ಅಕ್ಕನಿಗೆ ಹೇಳುತ್ತೇನೆ. ಅದಕ್ಕೆ ಮೊದಲಲ್ಲ. ಮೊದಲೇ ಹೇಳಿದರೆ ಅವಳು ಒಬ್ಬಳೇ ಎತ್ತಬೇಕಾಗುತ್ತದೆ.